ಮಾವನವರು ತಂದ ಅರ್ಧ ಮಾತು

ನನಗೀಗ ನಲವತ್ತೇಳು. ಈ ವಯಸ್ಸಿನಲ್ಲಿ ನೆನಪು ಬರೆಯಲು ಕೂತವರು ತಾವು ಕಲಿತ ಶಾಲೆಯ ಬಗ್ಗೆ, ತಾವು ಕಂಡ ದೊಡ್ಡವರ ಬಗ್ಗೆ ಬರೆಯುತ್ತಾರೆ. ನಾನು ನನ್ನ ಮೂತ್ರನಾಳದ ಬಗ್ಗೆ ಬರೆಯುತ್ತಿದ್ದೇನೆ. ದೊಡ್ಡವರನ್ನು ನಾನು ದೂರದಿಂದ ನೋಡಿದ್ದೇನೆ ಅಷ್ಟೇ. ಇದರ ಜೊತೆಗೆ ಮಾತ್ರ ಹತ್ತು ವರ್ಷ ಬಹಳ ಹತ್ತಿರದಿಂದ ಬಾಳಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದೇ ನಾಚಿಕೆಯಿಂದ ನಮ್ಮ ಮನೆಯಲ್ಲಿ ಎರಡು ವರ್ಷ ಹಾಳಾದವು. ಅದು ಮತ್ತೊಬ್ಬರ ಮನೆಯಲ್ಲಿ ಆಗದಿರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ನನ್ನ ಸ್ವಭಾವ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಚಿಂತೆ ಮಾಡುವ ಮನುಷ್ಯ. ಹಾನಗಲ್ಲಿನಲ್ಲಿ ನಾಲ್ಕು ದಿನ ಮಳೆ ಹಿಡಿದರೆ ಕೆರೆ ಒಡೆಯುತ್ತದೆ ಎಂದು ಚಿಂತೆ. ಮಗಳು ಹುಣಸೆಹಣ್ಣು ತಿಂದರೆ ಬೀಜ ನುಂಗಿರಬಹುದು ಎಂದು ಚಿಂತೆ. ಚಿಂತೆಗೆ ಏನೂ ಸಿಗದ ದಿನ, ಏನೋ ಮರೆತಿದ್ದೇನೆ ಎಂದು ಚಿಂತೆ. ನನ್ನ ನೌಕರಿಯೂ ಅಂಥದ್ದೇ. ನಾನು ಮೋಜಣಿ ಖಾತೆಯವನು, ಹೊಲ ಅಳೆಯುವವನು. ಹಾನಗಲ್ಲಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ಅಳತೆಯ ಸರಪಳಿ ಹೊರಿಸಿಕೊಂಡು ತಿರುಗುತ್ತಿದ್ದೆ. ಅಣ್ಣತಮ್ಮಂದಿರ ನಡುವಿನ ಹದ್ದು ಗೊತ್ತುಮಾಡಿ ಕಲ್ಲು ನೆಡಿಸುವುದು ನನ್ನ ಕೆಲಸ. ಕಲ್ಲು ನೆಟ್ಟು ಮನೆಗೆ ಬಂದ ಮೇಲೆ, ಅದು ಒಂದು ಗೇಣು ಆಚೆ ಬಿತ್ತೇನೋ ಎಂದು ಊಟ ಸೇರುತ್ತಿರಲಿಲ್ಲ.

ನಾವು ಮುಂಬಯಿ ಸರಕಾರದಿಂದ ಮೈಸೂರು ಸರಕಾರಕ್ಕೆ ಬಂದ ಮರುವರ್ಷ ಅದು ಆಯಿತು. ಹಿರೇಬೆಂಡಿಗೇರಿಯಲ್ಲಿ ಮೋಜಣಿ ಮುಗಿಸಿ ಚಕ್ಕಡಿಯಲ್ಲಿ ಶಿಗ್ಗಾವಿಗೆ ಬರುತ್ತಿದ್ದೆವು. ಹಳ್ಳದಲ್ಲಿ ಗಾಲಿ ಹೂತುಕೊಂಡಿತು. ಇಳಿದು ನೂಕಬೇಕೆಂದು ನಾನು ಮುಂದಿನಿಂದ, ಎರಡು ಎತ್ತುಗಳ ನಡುವೆ ಚಾಚಿರುವ ಮೂಕಿಯ ಮೇಲೆ ಕಾಲಿಟ್ಟೆ. ಹಿಂದಿನಿಂದ ಇಳಿಯಬಹುದಿತ್ತು. ಹಿಂದೆ ಕೆಸರಿದೆ, ಬೂಟು ಹಾಳಾಗುತ್ತದೆ ಎಂದು ಚಿಂತೆ. ಎತ್ತುಗಳು ಜಗ್ಗಿದವು, ನಾನು ಆ ಮೂಕಿಯ ಮೇಲೆ ಎರಡೂ ಕಡೆ ಕಾಲು ಬಿಟ್ಟು ಕುದುರೆ ಸವಾರನ ಹಾಗೆ ಬಿದ್ದೆ. ಬೂಟಿಗೆ ಏನೂ ಆಗಲಿಲ್ಲ.

ಉಚ್ಚೆಯಲ್ಲಿ ರಕ್ತ ಬಂತು. ಶಿಗ್ಗಾವಿಯ ದವಾಖಾನೆಯಲ್ಲಿ ರಬ್ಬರಿನ ನಳಿಗೆ ಹಾಕಿ ಮಲಗಿಸಿದರು. ಮೂರು ವಾರದಲ್ಲಿ ಎದ್ದು ಓಡಾಡಿದೆ. ವಾಸಿಯಾಯಿತು ಎಂದು ನಾನು ತಿಳಿದೆ. ನನ್ನ ಜೀವನದಲ್ಲಿ ಚಿಂತೆ ಬಿಟ್ಟದ್ದು ಆ ಒಂದೇ ಸಲ, ಅದೂ ತಪ್ಪಾಯಿತು. ಒಳಗೆ ಗಾಯ ಮಾಯುತ್ತ ಮಾಯುತ್ತ ಗಂಟುಗಟ್ಟಿ ದಾರಿಯನ್ನು ಸಣ್ಣದು ಮಾಡುತ್ತಿತ್ತು. ವರ್ಷ ಕಳೆಯುವುದರೊಳಗೆ ಧಾರೆ ದಾರವಾಯಿತು, ದಾರ ಹನಿಯಾಯಿತು. ಹೊಲದ ಬದುವಿನ ಮರೆಯಲ್ಲಿ ಅರ್ಧ ತಾಸು ಕುಕ್ಕರಿಸಿ ಕೂತಿರುತ್ತಿದ್ದೆ. ಸಾಹೇಬರು ಬದು ಎಷ್ಟು ಸೂಕ್ಷ್ಮವಾಗಿ ನೋಡುತ್ತಾರೆ ಎಂದು ರೈತರಲ್ಲಿ ನನಗೆ ಒಳ್ಳೆಯ ಹೆಸರು ಬಂತು. ತಿಂಗಳಿಗೊಮ್ಮೆ ದವಾಖಾನೆಯಲ್ಲಿ ಉಕ್ಕಿನ ಕಡ್ಡಿ ತೂರಿಸಿ ದಾರಿ ಹಿಗ್ಗಿಸುತ್ತಿದ್ದರು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆ ಕಡ್ಡಿಯನ್ನು ಕುದಿಸುವ ಪಾತ್ರೆಯ ಸಪ್ಪಳ ಕೇಳಿದರೆ ಈಗಲೂ ನನ್ನ ತೊಡೆ ಬಿಗಿಯುತ್ತದೆ.

ಕೊನೆಗೆ ಒಂದು ದಿನ ಉಚ್ಚೆ ಪೂರ್ತಿ ಕಟ್ಟಿತು. ಒಂದು ದಿನದ ರೈಲಿನ ದಾರಿಯಲ್ಲಿ, ಮರಾಠಿ ಸೀಮೆಯ ದೊಡ್ಡ ಆಸ್ಪತ್ರೆಗೆ ಹೋಗಬೇಕಾಯಿತು. ನನ್ನ ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಅಣ್ಣತಮ್ಮಂದಿರಿಲ್ಲ. ಹೀಗಾಗಿ ಜೊತೆಗೆ ಬಂದವರು ನನ್ನ ಹೆಂಡತಿಯ ಅಪ್ಪ, ಹಿರೇಕೆರೂರಿನ ನನ್ನ ಮಾವನವರು.

ಮಾವನವರು ಒಕ್ಕಲುತನದ ಮನುಷ್ಯ. ಎತ್ತರದ ಆಳು, ಮಾತು ಕಡಿಮೆ. ಅಳಿಯನ ಮುಂದೆ ಅವರು ಮಂಚದ ಮೇಲೆ ಕೂತವರಲ್ಲ, ನಾನು ಅವರ ಮುಂದೆ ಕಾಲು ಚಾಚಿದವನಲ್ಲ. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಮಳೆ, ಬೆಳೆ, ಎತ್ತು, ಪ್ರಯಾಣ ಇಷ್ಟು ಬಿಟ್ಟು ನಮ್ಮಿಬ್ಬರ ನಡುವೆ ಬೇರೆ ಮಾತು ಆಗಿರಲಿಲ್ಲ. ಅಳಿಯ ಬಂದರೆ ಕಾಲಿಗೆ ನೀರು ಕೊಡುವ ಪದ್ಧತಿ ನಮ್ಮಲ್ಲಿದೆ. ಅಳಿಯನ ಉಚ್ಚೆಯ ಬಾಟಲಿ ಹೊರುವ ಪದ್ಧತಿ ಇಲ್ಲ. ಆ ಆಸ್ಪತ್ರೆಯಲ್ಲಿ ಮಾವನವರು ಅದನ್ನೂ ಮಾಡಿದರು. ಮಂಚದ ಕೆಳಗಿನ ಬಾಟಲಿ ತುಂಬಿದೊಡನೆ ಎತ್ತಿಕೊಂಡು ಹೋಗಿ ಚೆಲ್ಲಿ, ತೊಳೆದು ತಂದಿಡುವರು. ಗಾಯ ಕಟ್ಟುವವನು ಬಂದಾಗ ಮಾತ್ರ ಗೋಡೆಯ ಕಡೆ ತಿರುಗಿ ನಿಲ್ಲುವರು. ನಾನೂ ಕಣ್ಣು ಮುಚ್ಚಿಕೊಳ್ಳುವೆ. ಹೀಗೆ ಒಬ್ಬರನ್ನೊಬ್ಬರು ನೋಡದೆ ನಾವು ಮರ್ಯಾದೆ ಉಳಿಸಿಕೊಂಡೆವು.

ಶಸ್ತ್ರಕ್ರಿಯೆ ಎರಡು ಸಲ. ಮೊದಲನೆಯ ಸಲ ಕೆಟ್ಟ ಭಾಗವನ್ನು ಕೆಳಗಿನಿಂದ ಸೀಳಿ, ಪಕ್ಕದ ಚರ್ಮವನ್ನು ಒಳಕ್ಕೆ ಹೊಲಿದು, ತೆರೆದೇ ಬಿಡುತ್ತಾರೆ. ಅದು ಮಾಯ್ದು ಮೆತ್ತಗಾಗಲು ಆರು ತಿಂಗಳು. ಎರಡನೆಯ ಸಲ ಆ ಚರ್ಮವನ್ನೇ ಸುತ್ತಿ ಕೊಳವೆ ಮಾಡಿ ಮುಚ್ಚುತ್ತಾರೆ. ನಡುವಿನ ಆರು ತಿಂಗಳು ಹಾನಗಲ್ಲಿಗೆ ಬಂದು ಕೆಲಸ ಮಾಡಿದೆ. ಉಚ್ಚೆ ಮುಂದಿನಿಂದ ಬರುವುದಿಲ್ಲ, ಕೆಳಗಿನ ಸೀಳಿನಿಂದ ಬರುತ್ತದೆ. ಹೆಂಗಸರ ಹಾಗೆ ಕೂತೇ ಮಾಡಬೇಕು. ಧೋತರದವರೆಲ್ಲ ಕೂತೇ ಮಾಡುವ ಊರು ನಮ್ಮದು, ಹೀಗಾಗಿ ಬದುಕಿದೆ. ಆದರೆ ಕಚೇರಿಯಲ್ಲಿ ಪ್ಯಾಂಟು ಹಾಕುತ್ತಿದ್ದವನು ನಾನೊಬ್ಬನೇ. ಪ್ಯಾಂಟು ಬಿಟ್ಟು ಧೋತರ ಉಟ್ಟೆ. ನಮ್ಮ ಶಿರಸ್ತೇದಾರರು ಅದನ್ನು ದೇಶಭಕ್ತಿ ಎಂದು ತಿಳಿದು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು.

ಎರಡನೆಯ ಸಲ ಆಸ್ಪತ್ರೆ ಸೇರಿದಾಗ ಪಕ್ಕದ ಮಂಚದಲ್ಲಿ ಸವಣೂರಿನ ವೀಳ್ಯದ ಎಲೆತೋಟದವನೊಬ್ಬ ಇದ್ದ. ನನ್ನದೇ ರೋಗ, ನನ್ನದೇ ವಯಸ್ಸು. ಬಾಯಿ ಮಾತ್ರ ನನ್ನದಲ್ಲ.

"ಸಾಹೇಬ್ರ, ನಿಮ್ಮದು ಎದರ ಮ್ಯಾಲ ಬಿದ್ದದ್ದು?"

"ಚಕ್ಕಡಿ ಮೂಕಿ."

"ನನ್ನದು ನಿಚ್ಚಣಿಕಿ. ಎಲಿ ಕೊಯ್ಯಾಕ ಏರಿದ್ದೆ, ಮ್ಯಾಲಿನ ಮೆಟ್ಟಲ ಮುರೀತು, ಕೆಳಗಿನ ಮೆಟ್ಟಲ ಗಟ್ಟಿ ಇತ್ತು. ಅದೂ ಮುರದಿದ್ರ ಚಲೋ ಆಗತಿತ್ತು ನೋಡ್ರಿ."

ಬೆಳಗಿನ ಹೊತ್ತು ಆ ವಾರ್ಡಿನಲ್ಲಿ ಕೆಟ್ಟ ಹೊತ್ತು. ಗಂಡಸಿನ ಅಂಗ ನಿದ್ದೆಯಲ್ಲಿ ತನ್ನಷ್ಟಕ್ಕೆ ಎದ್ದು ನಿಲ್ಲುತ್ತದೆ. ಹೊಸ ಹೊಲಿಗೆ, ಒಳಗೆ ನಳಿಗೆ, ಮೇಲೆ ಇದು. ಸೂಜಿಗಳ ಮೇಲೆ ಎಳೆದ ಹಾಗಾಗುತ್ತದೆ. ಅದು ಏಳದಿರಲೆಂದು ಗುಳಿಗೆ ಕೊಡುತ್ತಿದ್ದರು, ತಣ್ಣೀರಿನ ಬಟ್ಟೆ ಹಾಕುತ್ತಿದ್ದರು. ಎಲೆತೋಟದವನು ಹಲ್ಲು ಕಚ್ಚಿಕೊಂಡು ಅದಕ್ಕೇ ಬೈಯುತ್ತಿದ್ದ: "ಕೆಲಸಿಲ್ಲ, ಬೊಗಸಿಲ್ಲ, ಯಾರು ಕರದಾರಲೇ ನಿನ್ನ? ಬಿದ್ಕೋ ಸುಮ್ಮ!" ನಗು ಬರುತ್ತಿತ್ತು. ನಕ್ಕರೆ ಹೊಲಿಗೆ ಜಗ್ಗುತ್ತಿತ್ತು.

ಒಂದು ದಿನ ಅವನು ದನಿ ತಗ್ಗಿಸಿ ಕೇಳಿದ. ಅವನು ದನಿ ತಗ್ಗಿಸಿದ್ದು ಅದೊಂದೇ ಸಲ.

"ಸಾಹೇಬ್ರ, ಮುಂದ ಸಂಸಾರ ಮಾಡಾಕ ಬರತೈತೋ ಇಲ್ಲೋ, ಡಾಕ್ಟರನ್ನ ಕೇಳೀರೇನು?"

"ಇಲ್ಲ."

"ಕೇಳ್ರೆಲಾ."

"ಮಾವನೋರು ಸದಾ ಬಾಜೂಕ ಇರ್ತಾರಲ್ಲೋ."

"ಮಾವನೋರಿಗೆ ಮಕ್ಕಳಾಗಿಲ್ಲೇನು? ನಿಮಗ ಹೆಣ್ಣು ಕೊಟ್ಟದ್ದು ಪೂಜಾ ಮಾಡಾಕೇನು?"

ನಾನು ಕೇಳಲಿಲ್ಲ. ಡಾಕ್ಟರು ಬಂದಾಗಲೆಲ್ಲ ಪ್ರಶ್ನೆ ಗಂಟಲಿಗೆ ಬರುತ್ತಿತ್ತು, ಅವರ ಹಿಂದೆ ಮಾವನವರ ರುಮಾಲು ಕಾಣುತ್ತಿತ್ತು, ಪ್ರಶ್ನೆ ಕೆಳಗಿಳಿಯುತ್ತಿತ್ತು.

ಬಿಡುಗಡೆಯ ದಿನ ಡಾಕ್ಟರು, "ಪೇಷಂಟಿನ ಹಿರಿಯರು ಯಾರು?" ಎಂದು ಕೇಳಿ ಮಾವನವರನ್ನು ವರಾಂಡಕ್ಕೆ ಕರೆದೊಯ್ದರು. ಆಗಿನ ಪದ್ಧತಿ ಅದು. ರೋಗಿಗೆ ಔಷಧ, ಹಿರಿಯರಿಗೆ ಸುದ್ದಿ. ಕೆಟ್ಟ ಸುದ್ದಿಯಾದರಂತೂ ಹಿರಿಯರಿಗೇ. ನಾನು ಮಂಚದಿಂದ ಕಿಟಕಿಯಲ್ಲಿ ನೋಡುತ್ತಿದ್ದೆ. ಡಾಕ್ಟರು ಮಾತಾಡುತ್ತಿದ್ದಾರೆ. ಮಾವನವರು ತಲೆ ಬಗ್ಗಿಸಿ ತಮ್ಮ ಚಪ್ಪಲಿ ನೋಡುತ್ತಿದ್ದಾರೆ. ಒಮ್ಮೆಯೂ ತಲೆ ಎತ್ತಲಿಲ್ಲ. ಒಳಗೆ ಬಂದಾಗ ಅವರ ಮುಖ ಕಪ್ಪಿಟ್ಟಿತ್ತು.

ರೈಲಿನಲ್ಲಿ ಎರಡು ನಿಲ್ದಾಣ ಕಳೆಯುವವರೆಗೆ ಧೈರ್ಯ ಕೂಡಿಸಿ ಕೇಳಿದೆ.

"ಡಾಕ್ಟರ್ ಏನಂದ್ರಿ ಮಾವಾರ?"

"ಏನಿಲ್ರಿ. ಖಾರ ಕಡಿಮಿ ತಿನ್ನಬೇಕಂತ. ನೀರು ಭಾಳ ಕುಡೀಬೇಕಂತ. ಚಕ್ಕಡಿ, ಸೈಕಲ್ಲು ಹತ್ತಬಾರದಂತ."

"ಮತ್ತ?"

"ಮತ್ತೇನಿಲ್ರಿ." ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ನೋಡಲು ಏನೂ ಇರಲಿಲ್ಲ, ಬರೀ ಬಯಲು.

ಖಾರ ಕಡಿಮೆ ಮಾಡಿ ಎಂದು ಹೇಳಿದ್ದಕ್ಕೆ ಯಾರ ಮುಖವೂ ಹಾಗೆ ಕಪ್ಪಿಡುವುದಿಲ್ಲ. ಉಳಿದ ಮಾತನ್ನು ಅವರು ನುಂಗಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಯಾವ ಮಾತು ಎಂಬುದನ್ನು ನನ್ನ ಸ್ವಭಾವ ತಾನೇ ತುಂಬಿಕೊಂಡಿತು.

ಅತ್ತೆಯವರು ಹಾನಗಲ್ಲಿಗೆ ಬಂದು ಒಂದು ತಿಂಗಳು ಇದ್ದು ನೋಡಿಕೊಂಡರು. ನನ್ನ ಹಾಸಿಗೆ ಪಡಸಾಲೆಯಲ್ಲಿ, ಹೆಂಡತಿ ಮಗಳದು ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ. ಅತ್ತೆಯವರು ಊರಿಗೆ ಹೋದ ಮೇಲೂ ಹಾಸಿಗೆಗಳು ಇದ್ದಲ್ಲೇ ಇದ್ದವು. ನನ್ನ ಹಾಸಿಗೆಯಿಂದ ಅವಳ ಹಾಸಿಗೆಗೆ ಹದಿನಾಲ್ಕು ಫೂಟು. ಅಳೆಯುವುದು ನನ್ನ ಕಸಬು, ಮಲಗಿದಲ್ಲೇ ಕಣ್ಣಿನಿಂದ ಅಳೆದಿದ್ದೆ.

ಮೊದಲ ಕೆಲವು ತಿಂಗಳು ದೇಹ ಏನೂ ಕೇಳಲಿಲ್ಲ. ಅಂಗ ಇತ್ತು, ಅಷ್ಟೇ. ಮುಟ್ಟಿದರೆ ಅರ್ಧ ಜಡ, ಇನ್ನೊಬ್ಬರದನ್ನು ಮುಟ್ಟಿದ ಹಾಗೆ. ಗುಳಿಗೆ ನಿಲ್ಲಿಸಿದ್ದರೂ ಬೆಳಗಿನಲ್ಲಿ ಏನೂ ಇಲ್ಲ. ವಾರ್ಡಿನಲ್ಲಿ ಯಾವುದನ್ನು ಬೈದೆವೋ ಅದಕ್ಕಾಗಿ ಈಗ ಪ್ರತಿದಿನ ಕಾಯುತ್ತ ಮಲಗುತ್ತಿದ್ದೆ. ಐದನೆಯ ತಿಂಗಳೋ ಆರನೆಯದೋ, ಒಂದು ಬೆಳಗು ಅದು ಬಂತು. ಮೊದಲಿನಷ್ಟು ಬಿಗಿಯಿಲ್ಲ. ಹೊಲಿದ ಕಡೆ ಜಗ್ಗಿ ಸ್ವಲ್ಪ ಕೆಳಕ್ಕೆ ಬಾಗಿತ್ತು. ಆದರೂ ಬಂತು. ನಾನು ಅಲುಗದೆ ಮಲಗಿದ್ದೆ. ಹಾದಿಯಲ್ಲಿ ಬಿದ್ದದ್ದನ್ನು ಎತ್ತಿಕೊಂಡವನಿಗೆ, ಇದರ ಒಡೆಯ ಯಾವಾಗ ಬರುತ್ತಾನೋ ಎಂದು ಆಗುವಂಥ ಹೆದರಿಕೆ ಅದು.

ಅಷ್ಟರಲ್ಲಿ ನನ್ನ ವಿಚಾರ ಹೀಗೆ ಗಟ್ಟಿಯಾಗಿತ್ತು. ದೇಹ ಹೂಂ ಎನ್ನುತ್ತದೆ. ಆದರೆ ಡಾಕ್ಟರು ಬೇಡವೆಂದಿದ್ದಾರೆ. ಬೇಡವೆಂದದ್ದು ಮಾವನವರಿಗೆ ಗೊತ್ತು, ಅವರಿಂದ ಅತ್ತೆಗೆ, ಅತ್ತೆಯಿಂದ ನನ್ನ ಹೆಂಡತಿಗೆ. ಅದಕ್ಕೇ ಅವಳು ಆ ಕೋಣೆ ಬಿಟ್ಟು ಬರುವುದಿಲ್ಲ. ಇವನು ಇನ್ನು ಗಂಡನಲ್ಲ ಎಂದು ಅವಳಿಗೆ ತಿಳಿದಿದೆ. ತಿಳಿದೂ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಸುತ್ತಾಳೆ, ಖಾರ ಕಡಿಮೆ ಮಾಡಿದ ಪಲ್ಯ ಬೇರೆ ಮಾಡುತ್ತಾಳೆ. ಕನಿಕರದ ಊಟ ಎಂದು ಎಣಿಸಿ ಉಣ್ಣುತ್ತಿದ್ದೆ. ಕನಿಕರದ ಊಟವೂ ರುಚಿಯಾಗಿಯೇ ಇರುತ್ತಿತ್ತು, ಅದು ಇನ್ನೊಂದು ಸಂಕಟ.

ಡಾಕ್ಟರಿಗೆ ಪತ್ರ ಬರೆದು ಕೇಳಬಹುದಿತ್ತು. ಮೂರು ಸಲ ಬರೆದೆ, ಮೂರು ಸಲ ಹರಿದೆ. ಉತ್ತರ ಕಚೇರಿಗೆ ಬಂದರೆ ಟಪಾಲು ಗುಮಾಸ್ತ ಒಡೆಯುತ್ತಾನೆ. ಮನೆಗೆ ಬಂದರೆ ಮಗಳು ಓದುತ್ತಾಳೆ. ಅವಳು ಆಗ ಏನು ಸಿಕ್ಕರೂ ಗಟ್ಟಿಯಾಗಿ ಓದುವ ವಯಸ್ಸಿನಲ್ಲಿದ್ದಳು.

ಎರಡು ವರ್ಷ ಹೀಗೆ ಹೋಯಿತು. ಎರಡನೆಯ ಬೇಸಿಗೆ ಮುಗಿಯುವ ಹೊತ್ತಿಗೆ ಮಾವನವರು ಹಾನಗಲ್ಲಿಗೆ ಬಂದರು. ಪಡಸಾಲೆಯಲ್ಲಿ ಕೂತು ಮಳೆಯ ಮಾತಾಯಿತು, ಎತ್ತಿನ ಮಾತಾಯಿತು. ಆಮೇಲೆ ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಅಳಿಯಂದ್ರ, ಒಂದು ವಿಚಾರ. ನಿಮಗ ಇರಾಕಿ ಒಬ್ಬಾಕಿ ಹೆಣ್ಣುಮಗಳು. ನಾಳೆ ಕೊಟ್ಟ ಮನಿಗೆ ಹೋಗಾಕಿ. ನಮ್ಮ ಹಿರೇಮಗನ ಎರಡನೇದು ಐತಲ್ರಿ, ಶಾಣ್ಯಾ ಐತಿ. ನಿಮ್ಮ ಉಡ್ಯಾಗ ಹಾಕೋಣಂತ ಎಲ್ಲಾರ ಮನಸಿನ್ಯಾಗೂ ಬಂದೈತಿ."

ದತ್ತಕ. ಗಂಡಹೆಂಡತಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಗೊತ್ತಾದ ಮನೆಗೆ ಬರುವ ಮಾತು ಅದು. ಡಾಕ್ಟರು ವರಾಂಡದಲ್ಲಿ ಹೇಳಿದ್ದನ್ನು ಮಾವನವರು ಎರಡು ವರ್ಷದ ಮೇಲೆ, ತಮಗೆ ಬಂದ ರೀತಿಯಲ್ಲಿ, ನನಗೆ ಮುಟ್ಟಿಸಿದ್ದಾರೆ ಎಂದುಕೊಂಡೆ.

"ಶ್ರಾವಣದಾಗ ಚಲೋ ದಿನ ನೋಡೋಣು. ಅಷ್ಟರಾಗ ವಿಚಾರ ಮಾಡಿ ಹೇಳ್ರಿ," ಎಂದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಒಳಗೆ ಸರಿದಳು. ಬೇಡ ಎನ್ನಲಿಲ್ಲ.

ಮುಂದಿನ ವಾರ ಸವಣೂರಿನಲ್ಲಿ ಮೋಜಣಿ ಇತ್ತು. ಎಲೆತೋಟಗಳ ಸಾಲು. ಸರಪಳಿ ಎಳೆಯುವವನು ಆ ತುದಿಯಲ್ಲಿ ನಿಂತಿದ್ದಾಗ ಬಳ್ಳಿಗಳ ಹಿಂದಿನಿಂದ ಒಬ್ಬ, ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದ. ಮಾತು ಕೇಳಿದೊಡನೆ ಗುರುತು ಹತ್ತಿತು.

"ಅಯ್ಯ, ಮೂಕಿ ಸಾಹೇಬ್ರು! ಹೆಂಗ ಅದೀರಿ? ಧಾರಿ ಹೆಂಗೈತಿ?"

"ಧಾರಿ ಚಲೋ ಐತಿ. ಇದು ಯಾರ ಕೂಸು?"

"ಯಾರದು ಅಂದ್ರ? ನನ್ನದ! ಹೋದ ದೀಪಾವಳಿಗೆ ಹುಟ್ಟೇತಿ. ನೋಡ್ರಿ, ಮೂಗು ನನ್ನದ ಐತಿಲ್ಲೋ?"

ನಾನು ಮೂಗು ನೋಡಿದೆ. ಬಳ್ಳಿಯ ನೆರಳಿನಲ್ಲಿ ಬದುವಿನ ಮೇಲೆ ಕೂತೆ.

"ನಿಂಗ... ಎಲ್ಲಾ ಮೊದಲಿನಂಗ ಆತೇನು?"

"ಮೊದಲಿನಂಗ ಅಂದ್ರ ಸುಳ್ಳಾಗತೈತ್ರಿ. ಏಳೋದು ತಡ, ಜೋರು ಕಡಿಮಿ. ಬೀಳೂದು ಸೈತ ಚಿಮ್ಮಂಗಿಲ್ಲ, ಆಮ್ಯಾಲ ಸಾವಕಾಶ ಸೋರತೈತಿ. ನಾ ಅಂಜಿ ಡಾಕ್ಟರನ್ನ ಕೇಳಿದೆ. ಹೊಸಾ ನಳಿಗಿ ಚರ್ಮದ್ದಪ, ಒತ್ತಿ ಹೊಡಿಯೋ ಕಸುವಿಲ್ಲ ಅದಕ್ಕ, ಇನ್ನೇನಿಲ್ಲ ಅಂದ್ರು. ಕೂಸು ಆಗಾಕ ಜೋರು ಯಾಕ ಬೇಕ್ರಿ? ಹನಿ ಹನಿ ನೀರಿಗೆ ಬಳ್ಳಿ ಹಬ್ಬಂಗಿಲ್ಲೇನು?" ಅವನು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿ ನನ್ನ ಮುಖ ನೋಡಿದ. "ನಿಮ್ಮದು?"

ನಾನು ಅಳತೆಯ ಪುಸ್ತಕ ತೆರೆದು ನೋಡತೊಡಗಿದೆ. ಅವನಿಗೆ ತಿಳಿಯಿತು.

"ಎರಡು ವರ್ಷಾತು! ಮೂರು ತಿಂಗಳು ದೂರ ಇರ್ಬೇಕು, ಆಮ್ಯಾಲ ಏನೂ ಅಡ್ಡಿ ಇಲ್ಲ ಅಂತ ಡಾಕ್ಟರು ನಿಮ್ಮ ಮಾವನೋರಿಗೆ ಹೇಳಿದ್ರಲ್ರಿ. ನಾ ನಳಿಗಿ ಹಿಡಕೊಂಡು ವರಾಂಡದಾಗ ಅಡ್ಡಾಡಾಕತ್ತಿದ್ದೆ, ಈ ಕಿವಿಲೆ ಕೇಳೇನಿ. ಸಾವಕಾಶ ಆಗತೈತಿ, ಹುಡುಗಗ ಧೈರ್ಯ ಹೇಳ್ರಿ ಅಂತನೂ ಅಂದ್ರು. ಮಾವನೋರು ಹೇಳಲಿಲ್ಲೇನು?"

ಆ ದಿನ ಸರಪಳಿಯನ್ನು ಎರಡು ಸಲ ತಪ್ಪು ಎಣಿಸಿದೆ.

ಸಂತೋಷವಾಗಬೇಕಿತ್ತು. ಆದರೆ ಹಾನಗಲ್ಲಿನ ಬಸ್ಸಿನಲ್ಲಿ ಕೂತು ಅರ್ಧ ದಾರಿ ಬರುವುದರೊಳಗೆ ನನ್ನ ಸ್ವಭಾವ ಇದನ್ನೂ ತಿರುವಿ ಹಾಕಿತು. ಮೂರೇ ತಿಂಗಳು ಎಂದು ಮಾವನವರಿಗೆ ಗೊತ್ತಿತ್ತು ಎಂದರೆ ಹೆಂಡತಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು ಎರಡು ವರ್ಷ ಬರಲಿಲ್ಲ. ಅಂದರೆ ಅಡ್ಡಿ ಡಾಕ್ಟರದಲ್ಲ, ದೇಹದ್ದೂ ಅಲ್ಲ. ಅವಳಿಗೇ ನಾನು ಬೇಡ. ಕೊಯ್ದು ಹೊಲಿದ ಗಂಡಸು ಬೇಡ. ಮೊದಲಿನ ಚಿಂತೆಗೆ ಡಾಕ್ಟರ ಮಾತಿನ ಆಸರೆಯಾದರೂ ಇತ್ತು. ಇದಕ್ಕೆ ಅದೂ ಇರಲಿಲ್ಲ.

ಮರುದಿನ ರವಿವಾರ. ಮಧ್ಯಾಹ್ನ ಮಗಳು ಪಕ್ಕದ ಮನೆಗೆ ಆಡಲು ಹೋಗಿದ್ದಳು. ಹೆಂಡತಿ ಅಡಿಗೆಮನೆಯ ಬೆಳಕಿಗೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಹೊಸ್ತಿಲ ಹತ್ತಿರ ಹೋಗಿ ನಿಂತೆ.

"ಒಂದು ಮಾತು ಕೇಳಬೇಕಾಗೈತಿ."

"ದತ್ತಕದ ಮಾತಾದ್ರ ನನ್ನ ಕೇಳಬ್ಯಾಡ್ರಿ. ನೀವುಂಟು, ಅಪ್ಪ ಉಂಟು."

"ದತ್ತಕದ್ದಲ್ಲ. ಮೂರು ತಿಂಗಳದ್ದು."

"ಯಾವ ಮೂರು ತಿಂಗಳು?"

ಅವಳ ಮುಖ ನೋಡಿದೆ. ಹದಿನಾಲ್ಕು ವರ್ಷ ನೋಡಿದ ಮುಖ. ಅದರಲ್ಲಿ ಮರೆ ಇರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಹೇಳಿದೆ. ಎಲೆತೋಟದವನು ಹೇಳಿದ್ದನ್ನೆಲ್ಲ, ಕೂಸಿನ ಮೂಗಿನವರೆಗೆ ಹೇಳಿದೆ. ಮೊರ ಅವಳ ಕೈಯಲ್ಲಿ ನಿಂತಿತು.

"ಅವ್ವ ಹಂಗ ಹೇಳಲಿಲ್ಲ," ಎಂದಳು. "ಹೋಗೂ ಮುಂದ ನನ್ನ ಹಿತ್ತಲಕ್ಕ ಕರದು ಹೇಳಿದ್ಳು. ಅವರಾಗೆ ಕರೆಯೂತನಾ ನೀ ಬಾಜೂಕ ಹೋಗಬ್ಯಾಡ. ಒಳಗಿನ ಹೊಲಿಗಿ ಹರದ್ರ ಜೀವಕ್ಕ ಮುಟ್ಟತೈತಿ ಅಂತ."

"ನಾ ಕರೀಲಿಲ್ಲ."

"ಇಲ್ಲ. ಕರೀಲಿಲ್ಲ."

"ನೀನೂ ಬರಲಿಲ್ಲ."

"ಬಂದ್ರ ನೀವು ಸಾಯ್ತೀರಿ ಅಂದ ಮ್ಯಾಲ ಹೆಂಗ ಬರ್ಲಿ?" ಅವಳ ದನಿ ಏರಿತು. "ದಿನಾ ನಿಮ್ಮ ಧೋತರ ಒಗೆಯೂ ಮುಂದ ಬೆಳಕಿಗೆ ಹಿಡದು ನೋಡೇನಿ. ರಕ್ತದ ಕಲಿ ಐತೇನಂತ. ಎರಡು ವರ್ಷ ನೋಡೇನಿ. ಊರಾಗಿನ ಹೊಲ ಎಲ್ಲಾ ಅಳಿಯಾಕ ಬರತೈತಿ, ಮನ್ಯಾಗ ಬಾಯಿ ಬಿಟ್ಟು ಒಂದು ಮಾತು ಕೇಳಾಕ ಬರಲಿಲ್ಲೇನು ನಿಮಗ?"

ಅವಳು ಅಳಲಿಲ್ಲ. ಮೊರವನ್ನು ಜೋರಾಗಿ ಕೇರಿದಳು. ಕಾಳು ನೆಲಕ್ಕೆಲ್ಲ ಚೆಲ್ಲಿತು. ನಾನು ಕೂತು ಆಯತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳೂ ಕೈ ಹಾಕಿದಳು. ಆ ಮಧ್ಯಾಹ್ನ ಜೋಳ ಆಯ್ದದ್ದು ಬಿಟ್ಟು ಬೇರೇನೂ ಆಗಲಿಲ್ಲ.

ಆಮೇಲಿನದನ್ನು ಬರೆಯಲೇಬೇಕು, ಏಕೆಂದರೆ ನನಗೆ ಯಾರಾದರೂ ಹೇಳಿದ್ದರೆ ಒಳ್ಳೆಯದಾಗುತ್ತಿತ್ತು. ಮೊದಲ ಸಲ ಏನೂ ಆಗಲಿಲ್ಲ. ಅವಳಿಗೆ ಹೊಲಿಗೆಯ ಹೆದರಿಕೆ. ನನ್ನದು ಒಬ್ಬನೇ ಇದ್ದಾಗ ಏಳುತ್ತಿದ್ದದ್ದು ಅವಳ ಮುಂದೆ ತಲೆ ಎತ್ತಲಿಲ್ಲ. ಎರಡನೆಯ ಸಲವೂ ಹಾಗೇ. ಅವಳು ಮರುದಿನ ಧೋತರ ಬೆಳಕಿಗೆ ಹಿಡಿದು ನೋಡಿದಳು, ಈ ಸಲ ನನ್ನ ಕಣ್ಣೆದುರಿಗೇ. ರಕ್ತವಿರಲಿಲ್ಲ. ಆ ರಕ್ತವಿಲ್ಲದ್ದೇ ನಮಗೆ ಧೈರ್ಯವಾಯಿತು ಎಂದು ಕಾಣುತ್ತದೆ. ನಾಲ್ಕಾರು ವಾರದಲ್ಲಿ ಗಂಡಹೆಂಡತಿಯಾದೆವು. ಎಲೆತೋಟದವನು ಹೇಳಿದ್ದೆಲ್ಲ ನಿಜ. ತಡ, ಸ್ವಲ್ಪ ಬಾಗು, ಒಂದು ಕಡೆ ಜಡ. ಕೊನೆಗೆ ಬರುವುದು ಚಿಮ್ಮುವುದಿಲ್ಲ, ಸೋರುತ್ತದೆ. ಆದರೆ ಒಳಗಿನ ಸುಖ ಎಲ್ಲಿತ್ತೋ ಅಲ್ಲೇ ಇದೆ. ಅದನ್ನು ಯಾವ ಚಾಕೂ ಮುಟ್ಟಿರಲಿಲ್ಲ. ಮತ್ತೆ ಮಗುವಾಗಿಲ್ಲ. ಇದರಿಂದಲೋ, ವಯಸ್ಸಿನಿಂದಲೋ ಗೊತ್ತಿಲ್ಲ. ಅದರ ಬಗ್ಗೆಯೂ ಚಿಂತೆ ಮಾಡುತ್ತೇನೆ, ಆದರೆ ಈಗ ಪಕ್ಕದಲ್ಲಿ ಒಬ್ಬರು, "ಸಾಕು, ಮಲಗ್ರಿ" ಎನ್ನುತ್ತಾರೆ.

ಶ್ರಾವಣಕ್ಕೆ ಎಂಟು ದಿನವಿರುವಾಗ ಉತ್ತರ ಕೊಡಲು ಹಿರೇಕೆರೂರಿಗೆ ಹೊರಟೆ. ಪತ್ರ ಹಾಕ್ರಿ ಸಾಕು ಎಂದಳು ಹೆಂಡತಿ. ಇದನ್ನು ಪತ್ರದಲ್ಲಿ ಹಾಕಿದರೆ ಮತ್ತೆ ಅರ್ಧವೇ ಮುಟ್ಟುತ್ತದೆ ಎಂದೆ. ಹಿರೇಕೆರೂರು ಕಾಣುವವರೆಗೆ ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ತುಟಿ ಅಲುಗಿಸಿ ಅಭ್ಯಾಸ ಮಾಡಿದೆ. ಪಕ್ಕದಲ್ಲಿದ್ದ ಮುದುಕ ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಸರಿದು ಜಾಗ ಬಿಟ್ಟ.

ಮಾವನವರು ದನದ ಕೊಟ್ಟಿಗೆಯ ಮುಂದೆ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಕಂಡು ಏಳಲು ಹೋದರು. ಬೇಡವೆಂದು ನಾನೂ ಎದುರಿಗೆ ನೆಲದ ಮೇಲೆ ಕೂತೆ. ಅಳಿಯ ನೆಲಕ್ಕೆ ಕೂತದ್ದು ನೋಡಿ ಅವರ ಕೈ ನಿಂತಿತು.

"ದತ್ತಕ ಬ್ಯಾಡ್ರಿ ಮಾವಾರ."

"ಯಾಕ್ರಿ? ಹುಡುಗ ಮನಸಿಗೆ ಬರಲಿಲ್ಲೇನು?"

"ಹುಡುಗ ಚಲೋ ಅದಾನ್ರಿ. ಡಾಕ್ಟರು ನಿಮಗ ಮೂರು ತಿಂಗಳು ಅಂತ ಹೇಳಿದ್ರಂತಲ್ರಿ. ಅದು ನಮಗ ಮೊನ್ನೆ ಮುಟ್ಟಿತು."

ಅವರು ಹೊಸೆದ ಹಗ್ಗವನ್ನು ಒಂದು ಮೊಳ ಬಿಚ್ಚಿದರು. ಒಂದು ಎತ್ತು ಬುಸುಗುಟ್ಟಿತು.

"ಅಳಿಯಗ ಇಂಥಾ ಮಾತು ಹೆಂಗ ಹೇಳಬೇಕ್ರಿ," ಎಂದರು. "ರೈಲಿನ್ಯಾಗ ಹೇಳಬೇಕಂತ ಮಾಡಿದ್ದೆ. ಬಾಯಿ ಬರಲಿಲ್ಲ. ನಿಮ್ಮ ಅತ್ತಿ ಮುಂದ ಹೇಳಿದೆ. ಅಕಿ ಮುಂದನೂ ಪೂರಾ ಹೇಳಾಕಾಗಲಿಲ್ಲ. ಹುಡುಗಿ ಸ್ವಲ್ಪ ದಿನ ದೂರ ಇರ್ಲಿ ಅಂದೆ. ಅಕಿ ಹೆದರಿಕಿ ಕೂಡಿಸಿ ಹೇಳಿರಬೇಕು. ಆಮ್ಯಾಲ ನಿಮ್ಮ ಮನಿಗೆ ಬಂದು ಹೋದಾಗೆಲ್ಲ 'ಹಾಸಗಿ ಬ್ಯಾರೆ ಬ್ಯಾರೆ ಅದಾವು' ಅಂತ ನಿಮ್ಮ ಅತ್ತಿ ಹೇಳಾಕಿ. ಆಗಲಿಲ್ಲ ಕಾಣಸ್ತೈತಿ, ಆಪರೇಶನ್ ಕೆಟ್ಟೈತಿ ಅಂತ ನಾ ತಿಳಕೊಂಡೆ. ಅದಕ್ಕ ದತ್ತಕ ಅಂದೆ."

ನಾವು ಅವರ ಮುಖ ನೋಡಿ ತಿಳಿದೆವು, ಅವರು ನಮ್ಮ ಹಾಸಿಗೆ ನೋಡಿ ತಿಳಿದರು. ಇದನ್ನು ಅವರಿಗೆ ಹೇಳಬೇಕೆಂದಿದ್ದೆ. ಹೇಳಲಿಲ್ಲ; ಚೆದುರಿದ ನಾರನ್ನು ಕೂಡಿಸಿ ಅವರ ಮುಂದಿಟ್ಟೆ.

ಅವರು ನಾರನ್ನು ಪಕ್ಕಕ್ಕಿಟ್ಟು, ರುಮಾಲಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ನೇರವಾಗಿ ನೋಡಿ ಕೇಳಿದರು.

"ಈಗ ಉಚ್ಚಿ ಸಲೀಸು ಹೋಗತೈತೇನ್ರಿ?"

"ಹೋಗತೈತ್ರಿ ಮಾವಾರ. ಚಲೋ ಹೋಗತೈತಿ."

"ಮತ್ತ..." ಎಂದರು. ಅಷ್ಟಕ್ಕೇ ನಿಂತರು. ಕೆನ್ನೆ ಕೆಂಪಾಗಿತ್ತು. ಆದರೆ ಕಣ್ಣು ತೆಗೆಯಲಿಲ್ಲ.

"ಅದೂ ಐತ್ರಿ," ಎಂದೆ. "ಮೊದಲಿನಷ್ಟಿಲ್ಲ. ನಮಗ ಸಾಕಾಗುವಷ್ಟು ಐತಿ."

ಅವರು ತಲೆದೂಗಿದರು. ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಹಿಡೀರಿ, ಹುರಿ ಹಾಕೋಣು," ಎಂದರು.